ರಣರಂಗದ ಗುರು : ಆರ್ಚ್‌ಬಿಷಪ್ ಫಿಲಿಪ್ ಹ್ಯಾನನ್



ಅನ್ಯದೇಶದ, ಅನ್ಯಮತದ ಒಬ್ಬ ಗುರುವಿನ ಜೀವನವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳಲು ನನಗೆ ಅಪ್ಪಣೆಯಾಗಿದೆ. ಲೋಕವನ್ನು ತೊರೆದು ದೇವರ ಸೇವೆಗೆ ನಿಂತವನಿಗೆ ರಣರಂಗದಲ್ಲೇನು ಕೆಲಸ ಎಂಬ ಪ್ರಶ್ನೆಯು ಯಾರಿಗಾದರೂ ಹುಟ್ಟತಕ್ಕದ್ದೇ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರಾಗಿದ್ದ ಫಿಲಿಪ್ ಹ್ಯಾನನ್ ಅವರು ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರು.

ಇವರು 1913ರಲ್ಲಿ ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ತಂದೆಯು ಐರ್ಲೆಂಡಿನಿಂದ ವಲಸೆ ಬಂದವನು. ನೀರಿನ ಕೊಳವೆಗಳನ್ನು ಜೋಡಿಸುವ ಕಾಯಕದಿಂದ ಎಂಟು ಮಕ್ಕಳನ್ನು ಸಾಕಿದವನು. ಹ್ಯಾನನ್ ಅವರು ರೋಮಿನಲ್ಲಿ ಓದಿ 1939ರಲ್ಲಿ ಗುರುದೀಕ್ಷೆಯನ್ನು ಪಡೆದರು. ಅಷ್ಟರಲ್ಲಿ ಯೂರೋಪು ಎರಡನೆಯ ಮಹಾಯುದ್ಧದ ಬೆಂಕಿಗೆ ಬಿದ್ದಿತ್ತು.

ತರುಣ ಗುರುವು ಸೈನ್ಯದ ಪಾದ್ರಿಯಾಗಲು ಮುಂದೆ ಬಂದು, ವಿಮಾನದಿಂದ ಪ್ಯಾರಾಶೂಟು ಕಟ್ಟಿಕೊಂಡು ಧುಮುಕುವ 82ನೆಯ ದಳವನ್ನು ಸೇರಿದರು. ಸೈನಿಕರು ಇವರನ್ನು ಅಕ್ಕರೆಯಿಂದ 'ಧುಮುಕುವ ಪಾದ್ರಿ' ಎಂದು ಕರೆಯುತ್ತಿದ್ದರು. ಪಾದ್ರಿಯಾದವನು ಆಯುಧ ಹಿಡಿಯತಕ್ಕವನಲ್ಲ. ಗಾಯಾಳುವಿನ ಬಳಿ ಕುಳಿತಿರುವುದು, ಸಾಯುವವನ ಕಿವಿಯಲ್ಲಿ ಪ್ರಾರ್ಥನೆಯನ್ನುಸುರುವುದು, ಸತ್ತವನನ್ನು ಮಣ್ಣುಮಾಡುವುದು, ಇವೇ ಅವನ ಕೆಲಸ. 1944ರ ಕಡುಚಳಿಯ ಆರ್ಡೆನ್ ಕದನದಲ್ಲಿ ಹ್ಯಾನನ್ ಅವರು ಈ ಸೇವೆಯನ್ನು ಮಾಡಿದರು.

1945ರ ಮೇ ತಿಂಗಳ ಆರಂಭದಲ್ಲಿ ಅವರ ದಳವು ಜರ್ಮನಿಯ ಲುಡ್ವಿಗ್ಸ್‌ಲುಸ್ಟ್ ಪಟ್ಟಣವನ್ನು ಮುಟ್ಟಿತು. ಅದರ ಸಮೀಪದಲ್ಲಿ ವೊಬೆಲಿನ್ ಎಂಬ ಸೆರೆಶಿಬಿರವಿತ್ತು. ನಾಜಿಗಳು ಕೂಡಿಹಾಕಿದ್ದ ಬಂದಿಗಳು ಅನ್ನನೀರಿಲ್ಲದೆ ಅಲ್ಲಿ ಸೊರಗಿ ಸಾಯುತ್ತಿದ್ದರು. ಸುಮಾರು ಒಂದು ಸಾವಿರ ಶವಗಳು ಅಲ್ಲಿ ದೊರೆತುವು. ಹ್ಯಾನನ್ ಅವರು ಆ ನರಕವನ್ನು ಹೊಕ್ಕು ಅಳಿದುಳಿದವರನ್ನು ಉಪಚರಿಸಿದರು. ಆ ನೋಟವು ಕಡೆಯವರೆಗೂ ಅವರ ಕಣ್ಣಿನಿಂದ ಮರೆಯಾಗಲಿಲ್ಲ.

ಮುಂದೆ 1956ರಲ್ಲಿ ಅವರು ವಾಷಿಂಗ್ಟನ್ನಿನ ಸಹಾಯಕ ಬಿಷಪ್ಪರಾದರು. 1963ರ ನವೆಂಬರ್ 25ರಂದು, ಹತರಾದ ಅಧ್ಯಕ್ಷ ಕೆನಡಿಯವರ ಅಂತ್ಯಪ್ರಾರ್ಥನೆಯಲ್ಲಿ ಮಾತನಾಡುವ ಭಾರವು ಅವರ ಮೇಲೆ ಬಿತ್ತು. ಅವರು ಹೊಗಳಿಕೆಯನ್ನು ಹೊಸೆಯದೆ ಧರ್ಮಗ್ರಂಥದ ವಾಕ್ಯಗಳನ್ನೂ, ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನ ಆಡಿದ ಮಾತುಗಳನ್ನೂ ಓದಿದರು.

1965ರಲ್ಲಿ ರೋಮಿನ ಮಹಾಸಭೆಯು ಯುದ್ಧದ ವಿಷಯವನ್ನು ಚರ್ಚಿಸಿದಾಗ, ಹ್ಯಾನನ್ ಅವರು ಬಹುಮತಕ್ಕೆ ವಿರೋಧವಾಗಿ ನಿಂತರು. ಸ್ವಾತಂತ್ರ್ಯವನ್ನು ಕಾಯಲು ಪ್ರಬಲವಾದ ಆಯುಧವನ್ನು ಇಟ್ಟುಕೊಂಡ ರಾಷ್ಟ್ರಗಳಿಗೆ ಆ ಕರಡು ಅನ್ಯಾಯ ಮಾಡುತ್ತದೆಂದು ಅವರು ವಾದಿಸಿದರು. ಅವರ ವಾದವು ಸೋತಿತು. ಸಭೆಯು ನಗರಗಳನ್ನೇ ನಾಶಮಾಡುವ ಯುದ್ಧವನ್ನು ಖಂಡಿಸಿತು. ನಾನೂ ಸಭೆಯ ಮಾತನ್ನೇ ಒಪ್ಪುವವನು. ಆದರೂ, ವೊಬೆಲಿನ್ನಿನ ಬಾಗಿಲನ್ನು ತೆರೆದದ್ದು ಸೈನ್ಯವೇ ಎಂಬುದನ್ನು ಕಣ್ಣಾರೆ ಕಂಡವರ ಮಾತನ್ನು, ಅದನ್ನು ಕಾಣದ ನಾವು ಹಗುರವಾಗಿ ತಳ್ಳಿಹಾಕಲಾಗದು.

ಅದೇ ವರ್ಷ ಅವರು ನ್ಯೂ ಆರ್ಲಿಯನ್ಸಿಗೆ ಆರ್ಚ್‌ಬಿಷಪ್ಪರಾಗಿ ಬಂದರು. ಬೆಟ್ಸಿ ಎಂಬ ಚಂಡಮಾರುತವು ಆ ನಗರವನ್ನು ಆಗತಾನೆ ಹಾಳುಗೆಡವಿತ್ತು. ಅವರು ಬಡವರಿಗೆ ಅನ್ನವನ್ನೂ, ವೃದ್ಧರಿಗೆ ವಸತಿಯನ್ನೂ ಒದಗಿಸುವ ಏರ್ಪಾಡುಗಳನ್ನು ಬೆಳೆಸಿದರು. 1975ರಲ್ಲಿ ವಿಯೆಟ್ನಾಮಿನ ಯುದ್ಧ ಮುಗಿದು ನಿರಾಶ್ರಿತರು ಸಮುದ್ರ ದಾಟಿ ಬಂದಾಗ, ಅವರನ್ನು ತಮ್ಮ ನಗರಕ್ಕೆ ಬರಮಾಡಿಕೊಂಡು ನೆಲೆಗೊಳಿಸಿದರು. ಯುದ್ಧದಲ್ಲಿ ಮನೆ ಕಳೆದುಕೊಂಡವರ ಮುಖವನ್ನು ಅವರು ಜರ್ಮನಿಯಲ್ಲಿಯೇ ಓದಿ ಕಲಿತಿದ್ದರು.

1988ರಲ್ಲಿ ಪದವಿಯಿಂದ ನಿವೃತ್ತರಾದರೂ ಊರನ್ನು ಬಿಡಲಿಲ್ಲ. 2005ರಲ್ಲಿ ಕತ್ರೀನಾ ಚಂಡಮಾರುತವು ಬಂದು ಜನರೆಲ್ಲ ಓಡಿಹೋಗುತ್ತಿರುವಾಗ, 92 ವರ್ಷದ ಈ ವೃದ್ಧರು ತಾವು ಕಟ್ಟಿದ ದೂರದರ್ಶನ ಕೇಂದ್ರವನ್ನು ಕಾಯುತ್ತ ಅಲ್ಲಿಯೇ ಉಳಿದರು. 2011ರಲ್ಲಿ, 98ನೆಯ ವಯಸ್ಸಿನಲ್ಲಿ, ಆ ನಗರದಲ್ಲಿಯೇ ಕಣ್ಮುಚ್ಚಿದರು.

ಮಹನೀಯರೇ, ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಸಂಕಟವಿರುವೆಡೆಗೆ ತಾನಾಗಿ ಹೋಗುವುದು, ಹೋದಮೇಲೆ ಬಿಟ್ಟುಬಾರದೆ ನಿಲ್ಲುವುದು, ಈ ಎರಡೂ ಗುರುವೆನಿಸಿಕೊಂಡವನ ಲಕ್ಷಣಗಳು. ದಾಸೋಹದ ಮನೆಯಲ್ಲಿ ಬೆಳೆದ ನಮಗೆ ಇದನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ.