ಕಾರಿನ ಗದ್ದಕ್ಕೆ ಯಾವ ಬಣ್ಣ?

ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ ಹೊರಟರೆ, ಮುಂದಿನ ಲಾರಿಯ ಗಾಲಿಗಳು ಚಿಮ್ಮಿಸುವ ಕಡಿಕಲ್ಲಿನ ಪೆಟ್ಟು ಮೊದಲು ಬೀಳುವುದು ನಮ್ಮ ಕಾರಿನ ಗದ್ದಕ್ಕೆ. ಬಂಪರಿನ ಕೆಳಗೆ ತುಟಿಯಂತೆ ಚಾಚಿರುವ ಆ ಪಟ್ಟಿಗೆ ಸ್ಪಾಯ್ಲರ್ ಎಂದು ಹೆಸರು. ಕಾರಿನಡಿಗೆ ನುಗ್ಗುವ ಗಾಳಿಯನ್ನು ತಡೆಯುವುದು ಅದರ ಕೆಲಸ. ಮೋಟೇಬೆನ್ನೂರಿನಲ್ಲಿ ತಿರುಗಿ, ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಪೇಟೆ ಹೊಕ್ಕಿರೋ, ಕಲ್ಲಿನ ಪೆಟ್ಟಿನ ಜೊತೆಗೆ ರಸ್ತೆಯುಬ್ಬುಗಳ ಉಜ್ಜಾಟವೂ ಸೇರಿತು.

ನಾನು ಮೊದಲ ಸಲ, ಮನೆಯ ಗೇಟಿಗೆ ಬಳಿದು ಉಳಿದಿದ್ದ ಎನಾಮೆಲನ್ನೇ ಇದಕ್ಕೂ ಬಳಿದೆ. ಹೊಳಪೇನೋ ನೋಡುವ ಹಾಗಿತ್ತು. ಒಂದು ಮಳೆಗಾಲ ಮುಗಿಯುವುದರೊಳಗೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು! ತಪ್ಪು ಡಬ್ಬಿಯದಲ್ಲ, ನನ್ನದು. ಗೇಟು ಕಬ್ಬಿಣ, ಈ ಪಟ್ಟಿಯೋ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಬೆರೆತ ಪ್ಲಾಸ್ಟಿಕ್ಕು. ಅದರ ಮೈ ಮೇಣದಂತೆ. ಬಣ್ಣ ಸುಲಭವಾಗಿ ಹಿಡಿಯದು. ಮೇಲಾಗಿ ಅದು ಬಾಗುತ್ತದೆ. ಬಾಗದ ಬಣ್ಣ ಬಿರಿಯದೆ ಏನು ಮಾಡೀತು?

ಆದ್ದರಿಂದ ಅಂಗಡಿಯಲ್ಲಿ ಹೊಳಪನ್ನು ಕೇಳುವ ಮುಂಚೆ ಅಡಿಲೇಪವನ್ನು ಕೇಳಿರಿ. ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪ್ರೈಮರು ದೊರೆಯುತ್ತದೆ. ಸೋಪಿನಿಂದ ತೊಳೆದು, ಜಿಡ್ಡು ಒರೆಸಿ, 400ರಿಂದ 600ರ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಅದನ್ನು ತೆಳ್ಳಗೆ ಹಚ್ಚಬೇಕು. ಇಷ್ಟು ಮಾಡದಿದ್ದರೆ ಮೇಲಿನ ಬಣ್ಣ ಎಷ್ಟೇ ಬೆಲೆಯದಾದರೂ ನಿಲ್ಲದು.

ಮೇಲೇನು ಬಳಿಯಬೇಕು? ಗ್ಯಾರೇಜಿನವರು ಹೇಳುವುದು ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್. ಬಾಗುವ ಗುಣ ಕೊಡುವ ದ್ರವ್ಯ ಸೇರಿಸಿದರೆ ಗಟ್ಟಿಯೇ ಸರಿ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸಿಂಪಡಿಸುವಾಗ ಅದರ ಮಂಜು ಎದೆಯೊಳಗೆ ಹೋದರೆ ಆಸ್ತಮಾ ತರಬಲ್ಲದು; ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಮನೆಯಂಗಳದಲ್ಲಿ ಮಕ್ಕಳು ಸುಳಿದಾಡುತ್ತಿರುವಾಗ ಈ ಕೆಲಸ ಬೇಡವೇ ಬೇಡ. ಬಳಿಯುವ ಹುಡುಗನಿಗೆ ಹೊರಗಿನ ಶುದ್ಧಗಾಳಿ ಒದಗಿಸುವ ಮುಖವಾಡ ಇದೆಯೇ ಎಂದು ಗ್ಯಾರೇಜಿನಲ್ಲಿ ವಿಚಾರಿಸುವುದೂ ನಮ್ಮ ಕೆಲಸವೇ.

ಪಾರದರ್ಶಕ ಹಾಳೆ ಅಂಟಿಸುವ ಪದ್ಧತಿಯೂ ಇದೆ. ಕಲ್ಲಿಗೆ ಅದು ಒಳ್ಳೆಯ ತಡೆ. ರಸ್ತೆಯುಬ್ಬಿಗೆ ತಾಗಿದರೆ ಹರಿಯುತ್ತದೆ, ಬೆಲೆಯೂ ಹೆಚ್ಚು.

ನಮ್ಮ ಕಡೆಯ ಓಡಾಟಕ್ಕೆ ನನ್ನ ಮತ ಹೊಳಪಿಲ್ಲದ, ತರಿತರಿಯಾದ ಕಪ್ಪು ಲೇಪಕ್ಕೆ. ರಬ್ಬರಿನ ಗುಣವಿರುವ, ಕಲ್ಲೇಟಿಗೆಂದೇ ತಯಾರಾದ ಲೇಪಗಳಿವೆ. ಗೀರು ಬಿದ್ದರೂ ಕಣ್ಣಿಗೆ ಹೊಡೆಯದು. ಬಿದ್ದ ಕಡೆಯಷ್ಟೇ ಮತ್ತೆ ಹಚ್ಚಿದರಾಯಿತು. ಪಟ್ಟಿ ಬಿಚ್ಚಿದಾಗ ಹಿಂದಿನ ಕಬ್ಬಿಣದ ತುಂಡುಗಳನ್ನೂ ಒಮ್ಮೆ ನೋಡಿರಿ; ನಿಜವಾಗಿ ತುಕ್ಕು ಹಿಡಿಯುವುದು ಅಲ್ಲಿ. ಬಳಿದ ಮೇಲೆ ಒಂದು ವಾರವಾದರೂ ಜೋರು ನೀರಿನ ಪೈಪು ಹಿಡಿಯಬೇಡಿರಿ.