ಹಳೆಯ ಟೂ-ಇನ್-ಒನ್‌ಗೆ ಬ್ಲೂಟೂತ್

ಈ ಮೇಜಿನ ಮೇಲಿರುವ ಪೆಟ್ಟಿಗೆಯನ್ನು ನಿಮ್ಮಲ್ಲಿ ಕೆಲವರು ಅಜ್ಜನ ಮನೆಯ ಅಟ್ಟದ ಮೇಲೆ ನೋಡಿರಬಹುದು. ಮೇಲೊಂದು ಹಿಡಿಕೆ, ಎರಡು ಕಡೆ ಸ್ಪೀಕರು, ನಡುವೆ ಕ್ಯಾಸೆಟ್ಟಿನ ಬಾಗಿಲು, ರೇಡಿಯೋ ಕೇಂದ್ರ ಹುಡುಕುವ ಮುಳ್ಳು. ಅಮೆರಿಕದವರು ಇದನ್ನು ಬೂಮ್‌ಬಾಕ್ಸ್ ಎಂದು ಕರೆದರು. ನಮ್ಮ ಕಡೆ ಟೂ-ಇನ್-ಒನ್ ಎಂದೇ ಹೆಸರು. ರೇಡಿಯೋ ಒಂದು, ಟೇಪು ಒಂದು, ಸೇರಿ ಎರಡು.

ಇದರಲ್ಲಿ ಹಾಕುವ ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮೊದಲು ತೋರಿಸಿತು. ಇಪ್ಪತ್ತು ವರ್ಷಗಳೊಳಗೆ ಅದು ನಮ್ಮ ಕರಾವಳಿಯ ಹಳ್ಳಿಗಳನ್ನೂ ತಲುಪಿತ್ತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಹೆಗಲಿಗೇರಿಸಿಕೊಂಡು ಬರುತ್ತಿದ್ದ ಸಾಮಾನುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಈ ಸೆಟ್ಟು ನನ್ನ ಅಣ್ಣ 1984ರಲ್ಲಿ ಮಸ್ಕತ್‌ನಿಂದ ತಂದದ್ದು. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಅಣ್ಣ ಮರಳಿ ಹೋದ ಮೇಲೆ ಆಕೆ ಇದರ ಮುಂದೆ ಕುಳಿತು ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಆ ಕ್ಯಾಸೆಟ್ಟು ಊರಿನಿಂದ ಹೋಗುವವರ ಕೈಯಲ್ಲಿ ಮಸ್ಕತ್ ಸೇರುತ್ತಿತ್ತು. ಆಗ ಎಷ್ಟೋ ಮನೆಗಳಲ್ಲಿ ಕಾಗದದ ಬದಲು ಹೀಗೆ ಕ್ಯಾಸೆಟ್ಟುಗಳು ಓಡಾಡುತ್ತಿದ್ದವು.

ಈಗ ಹಾಡುಗಳಿರುವುದು ಫೋನಿನಲ್ಲಿ. ಆದರೆ ಈ ಪೆಟ್ಟಿಗೆಯ ಸ್ಪೀಕರಿನಂಥ ಸ್ಪೀಕರು ಫೋನಿನಲ್ಲಿಲ್ಲ. ಫೋನಿನ ಹಾಡನ್ನು ತಂತಿಯಿಲ್ಲದೆ ಇದರಲ್ಲಿ ಕೇಳಬಹುದೇ? ಖಂಡಿತ. ಬೇಕಾದ ಪುಟ್ಟ ಬ್ಲೂಟೂತ್ ಹಲಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಸೇರಿಸುವ ಬಗೆಯಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ಪಕ್ಕದ ಬೀದಿಯ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಜಾಗ ಮಾಡಲೆಂದು ಟೇಪಿನ ಭಾಗವನ್ನೆಲ್ಲ ಕಿತ್ತು ಗುಜರಿಗೆ ಹಾಕಿದ. ಕೆಲಸ ಚೆನ್ನಾಗಿಯೇ ಆಯಿತು. ಎರಡು ತಿಂಗಳ ಮೇಲೆ ಅವನ ಮನೆಯ ಟ್ರಂಕಿನಲ್ಲಿ, ಅವನು ಕಂಡೇ ಇರದ ಅಜ್ಜನ ಮಾತಿದ್ದ ಕ್ಯಾಸೆಟ್ಟು ಸಿಕ್ಕಿತು. ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಆದ್ದರಿಂದ ಇಂದು ನಾನು ಹೇಳುವುದು ಏನನ್ನೂ ಕೀಳದೆ ಸೇರಿಸುವ ವಿಧಾನ.

ಮೊದಲು ಸೆಟ್ಟಿನ ಬೆನ್ನು ತಿರುಗಿಸಿ ನೋಡಿ. ಅಲ್ಲಿ 'ಲೈನ್ ಇನ್' ಅಥವಾ 'ಆಕ್ಸ್' ಎಂದು ಬರೆದ ತೂತು ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಸೆಟ್ಟನ್ನು ಬಿಚ್ಚುವುದೇ ಬೇಡ. ಹೊರಗಿನಿಂದ ಒಂದು ಬ್ಲೂಟೂತ್ ರಿಸೀವರನ್ನು ಚುಚ್ಚಿದರೆ ಸಾಕು. 'ಮೈಕ್' ಎಂದು ಬರೆದ ತೂತು ಬೇರೆ, ಅದು ಈ ಕೆಲಸಕ್ಕಲ್ಲ. ಕ್ಯಾಸೆಟ್ಟಿನ ಆಕಾರದಲ್ಲೇ ಇರುವ ಬ್ಲೂಟೂತ್ ಸಾಧನವೂ ಉಂಟು. ಆದರೆ ಅದಕ್ಕೆ ಟೇಪು ಸರಿಯಾಗಿ ತಿರುಗುತ್ತಿರಬೇಕು.

ಇವೆರಡೂ ಇಲ್ಲದಿದ್ದರೆ ಒಳಗಿನ ದಾರಿಯನ್ನು ತಿಳಿಯಬೇಕು. ಟೇಪಿನ ಹೆಡ್ಡಿನಿಂದ ಹೊರಡುವ ಸಂಕೇತ ಒಂದು ಮಿಲಿವೋಲ್ಟಿಗೂ ಕಡಿಮೆ. ಮೊದಲ ಹಂತದ ಆಂಪ್ಲಿಫೈಯರ್ ಅದನ್ನು ನೂರಾರು ಪಟ್ಟು ಹೆಚ್ಚಿಸುತ್ತದೆ. ಜೊತೆಗೆ ಟೇಪಿನ ಗುಣಕ್ಕೆ ತಕ್ಕಂತೆ ಮಂದ್ರ ಸ್ವರಗಳನ್ನು ಎತ್ತುತ್ತದೆ. ಅಲ್ಲಿಂದ ರೇಡಿಯೋ-ಟೇಪು ಆಯ್ಕೆಯ ಸ್ವಿಚ್ಚು, ಆಮೇಲೆ ವಾಲ್ಯೂಮ್ ಕಂಟ್ರೋಲು, ಕೊನೆಗೆ ಸ್ಪೀಕರನ್ನು ನಡೆಸುವ ದೊಡ್ಡ ಆಂಪ್ಲಿಫೈಯರ್. ಬ್ಲೂಟೂತ್ ಹಲಗೆಯಿಂದ ಬರುವ ಸಂಕೇತ ಸುಮಾರು 300 ಮಿಲಿವೋಲ್ಟ್ ಅಥವಾ ಅದಕ್ಕೂ ಹೆಚ್ಚು. ಇದನ್ನು ಹೆಡ್ಡಿನ ತಂತಿಗೆ ಕೊಟ್ಟರೆ ಹಾಡು ಒಡೆದ ತಮಟೆಯಾಗುತ್ತದೆ. ಸರಿಯಾದ ಜಾಗ ವಾಲ್ಯೂಮ್ ಕಂಟ್ರೋಲಿನ ಬಾಗಿಲು.

ಆ ಬಾಗಿಲನ್ನು ಗುರುತಿಸುವುದು ಹೇಗೆ? ಪ್ಲಗ್ಗು ಮತ್ತು ಸೆಲ್ಲುಗಳನ್ನು ತೆಗೆದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಕಂಟ್ರೋಲಿಗೆ ಪ್ರತಿ ಚಾನಲಿಗೆ ಮೂರು ಕಾಲು. ಗುಂಡಿ ತಿರುಗಿಸಿದರೂ ಯಾವ ಎರಡು ಕಾಲುಗಳ ನಡುವಿನ ರೋಧ ಹೆಚ್ಚು ಕಡಿಮೆ ಬದಲಾಗುವುದಿಲ್ಲವೋ ಅವು ಎರಡು ತುದಿಗಳು. ಅವುಗಳಲ್ಲಿ ಒಂದು, ಸಾಮಾನ್ಯವಾಗಿ, ಬ್ಯಾಟರಿಯ ಋಣ ತುದಿಗೆ ಸೇರಿರುತ್ತದೆ; ಅದು ಗ್ರೌಂಡ್. ಇನ್ನೊಂದು ತುದಿಯೇ ನಮಗೆ ಬೇಕಾದದ್ದು. ಕೆಲವು ಸೆಟ್ಟುಗಳಲ್ಲಿ ನಾಲ್ಕನೆಯ ಕಾಲೂ ಇರುತ್ತದೆ, ಅದರ ತಂಟೆಗೆ ಹೋಗಬೇಡಿ. ಈ ತುದಿಗೆ ಬರುವ ಹಳೆಯ ತಂತಿಯ ಬೆಸುಗೆ ಬಿಡಿಸಿ, ನಡುವೆ ಆರು ಕಾಲಿನ ಒಂದು ಸ್ವಿಚ್ಚು ಹಾಕಿ. ಒಂದು ಕಡೆಗೆ ತಳ್ಳಿದರೆ ಹಳೆಯ ಸಂಕೇತ, ಇನ್ನೊಂದು ಕಡೆಗೆ ಬ್ಲೂಟೂತ್. ಎಡ ಬಲ ಎರಡಕ್ಕೂ ಒಂದೇ ಸ್ವಿಚ್ಚು ಸಾಕು. ಮುಂದೆ ಯಾರಾದರೂ ಹಳೆಯ ರೂಪಕ್ಕೆ ತರಬೇಕೆಂದರೆ ಎರಡು ಬೆಸುಗೆಯ ಕೆಲಸ.

ಹೆಚ್ಚಿನ ಸೆಟ್ಟುಗಳಲ್ಲಿ ಆಯ್ಕೆಯ ಸ್ವಿಚ್ಚನ್ನು ರೇಡಿಯೋಗೆ ತಂದಾಗಲೇ ಆಂಪ್ಲಿಫೈಯರಿಗೆ ವಿದ್ಯುತ್ತು ಬರುತ್ತದೆ. ಟೇಪಿಗೆ ತಂದರೆ, ಪ್ಲೇ ಗುಂಡಿ ಒತ್ತುವ ತನಕ ಅದು ನಿದ್ರೆ ಮಾಡುತ್ತಿರುತ್ತದೆ. ಆದ್ದರಿಂದ ಬ್ಲೂಟೂತ್ ಕೇಳುವಾಗ ಸೆಟ್ಟನ್ನು ರೇಡಿಯೋದಲ್ಲಿಡಿ. ಮೋಟಾರು ಸುಮ್ಮನೆ ಸವೆಯುವುದಿಲ್ಲ.

ಹಲಗೆಗೂ ಕಂಟ್ರೋಲಿಗೂ ನಡುವೆ ಒಂದು ಕೆಪಾಸಿಟರ್ ಬೇಕು. ಅದು ಏಕಮುಖ ವಿದ್ಯುತ್ತನ್ನು ತಡೆದು ಹಾಡನ್ನು ಮಾತ್ರ ಬಿಡುತ್ತದೆ. ಎಷ್ಟು ದೊಡ್ಡದು? ನೀವು ಪಿ.ಯು.ಸಿ.ಯಲ್ಲಿ ಓದುವ ಸೂತ್ರವೇ ಸಾಕು. ಕಂಟ್ರೋಲು 10 ಕಿಲೋ ಓಮ್, ಕೆಪಾಸಿಟರ್ 1 ಮೈಕ್ರೋಫ್ಯಾರಡ್ ಎಂದಿಟ್ಟುಕೊಂಡರೆ ಸುಮಾರು 16 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಮಾತ್ರ ಕ್ಷೀಣಿಸುತ್ತವೆ. ನಮ್ಮ ಕಿವಿ ಕೇಳುವುದೇ 20 ಹರ್ಟ್ಸ್‌ನಿಂದ. ನಿಮ್ಮದು ಒಂದೇ ಸ್ಪೀಕರಿನ ಸೆಟ್ಟಾದರೆ ಎಡ ಬಲ ತಂತಿಗಳನ್ನು ನೇರವಾಗಿ ಹೆಣೆಯಬೇಡಿ. ಒಂದೊಂದಕ್ಕೆ 1 ಕಿಲೋ ಓಮಿನ ರೆಸಿಸ್ಟರ್ ಹಾಕಿ ಆಮೇಲೆ ಕೂಡಿಸಿ.

ಇನ್ನು ಬ್ಲೂಟೂತ್ ಎಂದರೇನು? ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಇದರ ಕೆಲಸ ಶುರುವಾಯಿತು. ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡ್ ಬ್ಲೂಟೂತನದು. ಇದು ಸುಮಾರು 2.4 ಗಿಗಾಹರ್ಟ್ಸ್ ಆವರ್ತನದ ರೇಡಿಯೋ. ಅದೇ ಆವರ್ತನದಲ್ಲಿ ವೈ-ಫೈ ಉಂಟು, ಮೈಕ್ರೋವೇವ್ ಒಲೆ ಉಂಟು. ಈ ಸಂತೆಯಲ್ಲಿ ಹಾಡು ಕೆಡದೆ ಬರುವುದು ಹೇಗೆ? ಬ್ಲೂಟೂತ್ ತನ್ನ ಪಟ್ಟಿಯನ್ನು 79 ಮನೆಗಳಾಗಿ ಭಾಗ ಮಾಡಿಕೊಂಡು, ಕುಂಟೆಬಿಲ್ಲೆ ಆಡುವ ಮಗುವಿನಂತೆ ಸೆಕೆಂಡಿಗೆ 1600 ಸಲ ಮನೆಯಿಂದ ಮನೆಗೆ ಜಿಗಿಯುತ್ತದೆ. ಒಂದು ಮನೆಯಲ್ಲಿ ಗದ್ದಲವಿದ್ದರೆ ಮುಂದಿನದರಲ್ಲಿ ಇಲ್ಲದಿರಬಹುದು. ಈ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಲೋಹದ ತಗಡು ಅದಕ್ಕೆ ಗೋಡೆಯಿದ್ದಂತೆ. ಹಾಗಾಗಿ ಹಲಗೆಯ ಆಂಟೆನಾ ಇರುವ ತುದಿಯನ್ನು ಸ್ಪೀಕರಿನ ಜಾಲರಿ, ಸೆಲ್ಲಿನ ಡಬ್ಬಿಗಳಿಂದ ದೂರ, ಪ್ಲಾಸ್ಟಿಕ್ ಗೋಡೆಯ ಬಳಿ ಇಡಿ.

ಈಗ ನಿಜವಾದ ತಲೆನೋವಿಗೆ ಬರೋಣ. ಹಲಗೆಗೆ ವಿದ್ಯುತ್ತು ಎಲ್ಲಿಂದ? ಸೆಟ್ಟಿನಲ್ಲಿ ಆರು ಸೆಲ್ಲು, ಅಂದರೆ 9 ವೋಲ್ಟ್. ಹಲಗೆಗೆ 5 ವೋಲ್ಟ್. ನಡುವೆ 7805 ಎಂಬ ರೆಗ್ಯುಲೇಟರ್ ಹಾಕಿದರಾಯಿತು ಎಂದು ನಾನೂ ಅಂದುಕೊಂಡೆ. ಹಾಡು ಬಂತು. ಹಾಡಿನ ಹಿಂದೆ ಸೊಳ್ಳೆಯ ರಾಗವೂ ಬಂತು. ಎರಡು ವಾರ ಅದರ ಬೆನ್ನು ಹತ್ತಿದೆ. ಕಾರಣ ಇಷ್ಟೇ: ಹಲಗೆ ವಿದ್ಯುತ್ತನ್ನು ಒಂದೇ ಸಮ ಕುಡಿಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಆ ಪ್ರವಾಹ ಹಿಂದಿರುಗುವುದು ಹಾಡು ಬರುವ ಗ್ರೌಂಡ್ ತಂತಿಯಲ್ಲೇ. ತಂತಿಯ ರೋಧ 0.05 ಓಮ್, ಪ್ರವಾಹ 40 ಮಿಲಿಆಂಪಿಯರ್ ಎಂದರೆ 2 ಮಿಲಿವೋಲ್ಟ್ ಹುಟ್ಟುತ್ತದೆ. 300ರ ಮುಂದೆ 2 ಎಷ್ಟರದು ಎನ್ನಬೇಡಿ. ತಂಬೂರಿ ಮಾತ್ರ ನುಡಿಯುವ ಹೊತ್ತಿನಲ್ಲಿ ಕಿವಿ ಅದನ್ನೇ ಹಿಡಿಯುತ್ತದೆ. ಸಾಲದ್ದಕ್ಕೆ, 7805ಕ್ಕೆ 5 ವೋಲ್ಟ್ ಕೊಡಲು ಸುಮಾರು 7 ವೋಲ್ಟ್ ಬೇಕು. ಸೆಲ್ಲು ಇಳಿಯುತ್ತ ಬಂದಾಗ ರೇಡಿಯೋ ಇನ್ನೂ ಹಾಡುತ್ತಿರುತ್ತದೆ, ಬ್ಲೂಟೂತ್ ಮೊದಲೇ ಕಣ್ಣು ಮುಚ್ಚುತ್ತದೆ.

ಇದಕ್ಕೆ ಔಷಧಗಳು ಹಲವು. ಎರಡು ಗ್ರೌಂಡುಗಳನ್ನು ಬೇರೆ ಮಾಡುವ ಪುಟ್ಟ ಪರಿವರ್ತಕಗಳು ಅಂಗಡಿಯಲ್ಲಿವೆ. ಆದರೆ ಅವು, ಮಿಕ್ಸಿ ತಿರುಗಿದಾಗ ಆಗುತ್ತದಲ್ಲ, ಹಾಗೆ ಮೀಡಿಯಂ ವೇವ್ ರೇಡಿಯೋದಲ್ಲಿ ಗರಗರ ಎಬ್ಬಿಸಬಲ್ಲವು. ನನಗೆ ಒಪ್ಪಿಗೆಯಾದದ್ದು ಬಡವರ ಉಪಾಯ: ಹಲಗೆಗೆ ಅದರದೇ ಒಂದು ಲಿಥಿಯಂ ಸೆಲ್ಲು, ಅದರದೇ ಒಂದು ಸ್ವಿಚ್ಚು. ಸೆಟ್ಟಿಗೂ ಅದಕ್ಕೂ ಹಾಡಿನ ತಂತಿಗಳ ಸಂಬಂಧ ಮಾತ್ರ. ಸೊಳ್ಳೆ ಅಂದೇ ಸತ್ತಿತು. ಹಲಗೆ 3.7 ವೋಲ್ಟಿನಲ್ಲಿ ನಡೆಯುವುದೇ ಎಂದು ಕೊಳ್ಳುವಾಗಲೇ ಕೇಳಿ. ಸೆಲ್ಲನ್ನು ಹಿಡಿಕೆಯಲ್ಲಿ ಕೂರಿಸಿ, ರಕ್ಷಣೆಯ ಸರ್ಕೀಟು ಇರುವ ಚಾರ್ಜಿಂಗ್ ಹಲಗೆಯನ್ನೇ ಬಳಸಿ. ಲಿಥಿಯಂ ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬೇಡಿ.

ಇನ್ನೊಂದು ಪೆಟ್ಟನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ನಾನು ಕೊಂಡ ಹಲಗೆಯಲ್ಲಿ ಸ್ಪೀಕರು ನಡೆಸುವ ಆಂಪ್ಲಿಫೈಯರೂ ಸೇರಿತ್ತು. ಅದರ ಎರಡು ಋಣ ತುದಿಗಳನ್ನು ಗ್ರೌಂಡ್ ಎಂದು ಭಾವಿಸಿ ಸೆಟ್ಟಿನ ಗ್ರೌಂಡಿಗೆ ಸೇರಿಸಿದೆ. ಅವು ಗ್ರೌಂಡ್ ಅಲ್ಲ, ಅಲ್ಲಿಯೂ ಸಂಕೇತವಿರುತ್ತದೆ. ಚಿಪ್ಪು ಬೆರಳು ಸುಡುವಷ್ಟು ಕಾದು ಮೌನವಾಯಿತು. ಸ್ಪೀಕರಿಗಲ್ಲ, ಇಯರ್‌ಫೋನಿಗೆ ಅಥವಾ ಲೈನಿಗೆ ಎಂದು ಇರುವ ಹಲಗೆಯನ್ನೇ ಕೇಳಿ ತನ್ನಿ.

ಎರಡು ಎಚ್ಚರಿಕೆ. ಸೆಟ್ಟಿನೊಳಗೆ ಟ್ರಾನ್ಸ್‌ಫಾರ್ಮರಿನ ಬಳಿ 230 ವೋಲ್ಟ್ ಬರುತ್ತದೆ. ಮುಚ್ಚಳ ತೆರೆದಿರುವಷ್ಟು ಹೊತ್ತೂ ಪ್ಲಗ್ಗು ಗೋಡೆಯಲ್ಲಿರಬಾರದು, ಪರೀಕ್ಷೆಯೆಲ್ಲ ಸೆಲ್ಲಿನಲ್ಲೇ ನಡೆಯಲಿ. ಎರಡನೆಯದು ಕ್ಯಾಸೆಟ್ಟಿನದು. ಹಳೆಯ ಸೆಟ್ಟಿನ ರಬ್ಬರು ಬೆಲ್ಟು ಕೆಲವೊಮ್ಮೆ ಕರಗಿ ಡಾಂಬರಿನಂತಾಗಿರುತ್ತದೆ. ಅಂಥ ಸೆಟ್ಟು ಟೇಪನ್ನು ನುಂಗಿಬಿಡುತ್ತದೆ. ಮೊದಲು ಬೇಡದ ಕ್ಯಾಸೆಟ್ಟು ಹಾಕಿ ನೋಡಿ. ಬೇಕಾದ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿಯದೆ ಅದನ್ನು ಯಾವ ಯಂತ್ರಕ್ಕೂ ಹಾಕಬೇಡಿ. ಎಸಳು ಇದ್ದರೆ, ಕೈ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದ ಕ್ಷಣದಿಂದ ದನಿ ಅಳಿಯತೊಡಗುತ್ತದೆ. ಮುರಿದಿದ್ದರೆ ಆ ಗುಂಡಿ ಒಳಗೆ ಹೋಗುವುದೇ ಇಲ್ಲ. ಪಕ್ಕದ ಬೀದಿಯ ಹುಡುಗನ ಕ್ಯಾಸೆಟ್ಟಿಗೆ ನಾವು ಮೊದಲು ಮಾಡಿದ ಕೆಲಸ ಅದೇ. ಆಮೇಲೆ ಈ ಸೆಟ್ಟಿನಲ್ಲಿ ಅವನು ಅಜ್ಜನನ್ನು ಕೇಳಿದ.

ಅಣ್ಣ ಊರಿಗೆ ಮರಳುವಾಗ ಅಮ್ಮನ ಕ್ಯಾಸೆಟ್ಟುಗಳನ್ನೆಲ್ಲ ಜೋಪಾನವಾಗಿ ತಂದಿದ್ದ. ಇಷ್ಟು ಹೊತ್ತು ಫೋನಿನ ಹಾಡು ಬರುತ್ತಿದ್ದ ಇದೇ ಪೆಟ್ಟಿಗೆಯ ಸ್ವಿಚ್ಚನ್ನು ಈಗ ಟೇಪಿನ ಕಡೆಗೆ ತಂದಿದ್ದೇನೆ. ನಿಮಗೆ ಕೇಳಿಸುತ್ತಿರುವುದು 1987ರ ಜುಲೈ ತಿಂಗಳ ಅಮ್ಮನ ಮಾತು. ಹಿಂದೆ ಬರುತ್ತಿರುವ ಸದ್ದು ಯಂತ್ರದ ದೋಷವಲ್ಲ, ನಮ್ಮ ಮನೆಯ ಹಂಚಿನ ಮೇಲೆ ಬೀಳುತ್ತಿದ್ದ ಮಳೆ.