ಕುದುರೆ ಎಲ್ಲಿಗೆ ಹಾರೀತು?



ಚದುರಂಗ ಕಲಿಯತೊಡಗಿದ ಹುಡುಗ ಮೊದಲ ತಿಂಗಳು ಸೋಲುತ್ತಲೇ ಇರುತ್ತಾನೆ. ಸೋಲುವ ರೀತಿಯೂ ಹೆಚ್ಚುಕಡಿಮೆ ಒಂದೇ. ತನ್ನ ಮುಂದಿನ ನಡೆಯ ಲೆಕ್ಕದಲ್ಲಿ ಅವನು ಮುಳುಗಿರುವಾಗ ಎದುರಾಳಿಯ ಕುದುರೆ ಎಲ್ಲಿಂದಲೋ ಹಾರಿಬಂದು ರಾಜನಿಗೆ ಚೆಕ್ ಕೊಡುತ್ತದೆ. ಅದೇ ನೆಗೆತದಲ್ಲಿ ಮಂತ್ರಿಯ ಮೇಲೂ ಕಣ್ಣಿಟ್ಟಿರುತ್ತದೆ. ರಾಜನನ್ನು ಸರಿಸಲೇಬೇಕು, ಮಂತ್ರಿ ಹೋಯಿತು. ಹೀಗೆ ನಾಲ್ಕಾರು ಬಾರಿ ಆದ ಮೇಲೆ ಮನೆಯ ಹಿರಿಯರು 'ಇದು ಬುದ್ಧಿವಂತರ ಆಟ, ನಮ್ಮವನಿಗೆ ಒಗ್ಗದು' ಎಂದು ಬೋರ್ಡನ್ನು ಅಟ್ಟಕ್ಕೆ ಏರಿಸುತ್ತಾರೆ. ಹುಡುಗ ಆ ಮಾತನ್ನು ನಂಬಿಬಿಡುತ್ತಾನೆ. ಸೋಲಿಗಿಂತ ದೊಡ್ಡ ನಷ್ಟ ಇದು.

ಅವನನ್ನು ಕೆಡವಿದ ಆ ಏಟಿಗೆ ಆಟಗಾರರು ಫೋರ್ಕ್ ಎನ್ನುತ್ತಾರೆ. ಅದರ ಹಿಂದಿನ ಲೆಕ್ಕ ಸರಳ. ಸರದಿಗೆ ಒಂದೇ ನಡೆ. ಒಂದು ಕಾಯಿ ಎರಡು ಕಡೆ ಬೆದರಿಕೆ ಒಡ್ಡಿದರೆ ಎದುರಾಳಿ ಒಂದನ್ನಷ್ಟೇ ಉಳಿಸಿಕೊಳ್ಳಬಲ್ಲ. ಕುದುರೆಯ ವಿಷಯದಲ್ಲಿ ಇನ್ನೊಂದು ಗುಟ್ಟಿದೆ. ಬಿಳಿ ಮನೆಯಲ್ಲಿ ನಿಂತ ಕುದುರೆ ಕಪ್ಪು ಮನೆಗಳ ಮೇಲೆ ಮಾತ್ರ ದಾಳಿ ಮಾಡುತ್ತದೆ, ಕಪ್ಪು ಮನೆಯಲ್ಲಿದ್ದರೆ ಬಿಳಿ ಮನೆಗಳ ಮೇಲೆ. ಆದ್ದರಿಂದ ನಿಮ್ಮ ರಾಜ, ಮಂತ್ರಿ ಎರಡೂ ಒಂದೇ ಬಣ್ಣದ ಮನೆಗಳಲ್ಲಿ ನಿಂತಿದ್ದರೆ ಎದುರಾಳಿಯ ಕುದುರೆಯ ಮೇಲೆ ಒಂದು ಕಣ್ಣಿರಲಿ. ಬೇರೆ ಬೇರೆ ಬಣ್ಣದಲ್ಲಿದ್ದರೆ ಕುದುರೆ ಒಮ್ಮೆಗೇ ಎರಡನ್ನೂ ಹಿಡಿಯಲಾರದು. ಇಷ್ಟು ತಿಳಿಯಲು ಪಂಡಿತನಾಗಬೇಕಿಲ್ಲ.

ಇದು ಮಕ್ಕಳಾಟದ ತಂತ್ರ ಎನ್ನುವವರು 1966ರ ಮಾಸ್ಕೋವನ್ನು ನೆನೆಯಬೇಕು. ವಿಶ್ವ ಚಾಂಪಿಯನ್ ಟಿಗ್ರಾನ್ ಪೆಟ್ರೋಸಿಯನ್ ಎದುರು ಬೋರಿಸ್ ಸ್ಪಾಸ್ಕಿ ಸವಾಲುಗಾರ. ಹತ್ತನೆಯ ಆಟದ 30ನೇ ನಡೆಯಲ್ಲಿ ಪೆಟ್ರೋಸಿಯನ್ ತಮ್ಮ ಮಂತ್ರಿಯನ್ನು ಬೋರ್ಡಿನ ಮೂಲೆಗೆ ತಂದು, ಸ್ಪಾಸ್ಕಿಯ ರಾಜನ ಬಾಯಿಗೇ ಇಟ್ಟು ಚೆಕ್ ಕೊಟ್ಟರು. ರಾಜ ಅದನ್ನು ಹೊಡೆಯದೆ ವಿಧಿಯಿಲ್ಲ. ಹೊಡೆದರೆ ಬಿಳಿಯ ಕುದುರೆ ಒಂದು ಆನೆಯನ್ನು ಕಡಿದು, ಅಲ್ಲಿಂದಲೇ ರಾಜ–ಮಂತ್ರಿ ಇಬ್ಬರನ್ನೂ ಹಿಡಿಯುತ್ತದೆ. ಸ್ಪಾಸ್ಕಿ ಮುಂದೆ ಆಡದೆ ಸೋಲೊಪ್ಪಿಕೊಂಡರು. ನಮ್ಮ ಹುಡುಗ ತಿಂದ ಏಟು ಇದೇ ಅಲ್ಲವೇ! ಪೆಟ್ರೋಸಿಯನ್‌ಗೆ ಇದು ಹೊಸದೂ ಆಗಿರಲಿಲ್ಲ. ಹತ್ತು ವರ್ಷ ಹಿಂದೆ, 1956ರಲ್ಲಿ, ವ್ಲಾದಿಮಿರ್ ಸಿಮಾಗಿನ್ ವಿರುದ್ಧ ಅದೇ ಮೂಲೆಯಲ್ಲಿ ಮಂತ್ರಿಯನ್ನು ಬಲಿಕೊಟ್ಟು ಅದೇ ಕುದುರೆಯಾಟ ಆಡಿದ್ದರು.

ಹಾಗಾದರೆ ಬಲ್ಲವನ ಕಣ್ಣಿಗೆ ಕಾಣುವುದೇನು? ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ನಿಜವಾದ ಆಟವೊಂದರ ನಡುವಿನ ಬೋರ್ಡನ್ನು ಐದು ಸೆಕೆಂಡು ತೋರಿಸಿ, ಮತ್ತೆ ಜೋಡಿಸಲು ಹೇಳಿದರು. ನುರಿತ ಆಟಗಾರ ಮೊದಲ ನೋಟಕ್ಕೇ ಸುಮಾರು 16 ಕಾಯಿಗಳನ್ನು ಸರಿಯಾಗಿ ಇಟ್ಟ, ಹೊಸಬ ಸುಮಾರು 4. ಆಮೇಲೆ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ನುರಿತವನ ಹೆಚ್ಚುಗಾರಿಕೆ ಹೆಚ್ಚುಕಡಿಮೆ ಮಾಯವಾಯಿತು. ಅವನದು ಅಸಾಧಾರಣ ಜ್ಞಾಪಕಶಕ್ತಿಯಲ್ಲ, ಪರಿಚಯ. ಬೀದಿಯಲ್ಲಿ ನೆಂಟರ ಮುಖ ಗುರುತು ಹಿಡಿದ ಹಾಗೆ ಅವನು ಫೋರ್ಕನ್ನು ಗುರುತು ಹಿಡಿಯುತ್ತಾನೆ.

ಕಲಿಯಬೇಕಾದ ಮುಖಗಳೂ ಮೊದಲಿಗೆ ಬಹಳವಿಲ್ಲ. ಮುಂದಿನ ಕಾಯಿ ಸರಿದೊಡನೆ ಹಿಂದಿನದರ ದಾರಿ ತೆರೆದು ಬೀಳುವ ಏಟು ಒಂದು. ಸರಿದರೆ ಬೆನ್ನ ಹಿಂದಿನ ದೊಡ್ಡ ಕಾಯಿ ಹೋಗುವಂತೆ ಎದುರಿನ ಕಾಯಿಯನ್ನು ಕಟ್ಟಿಹಾಕುವ ಪಿನ್ ಇನ್ನೊಂದು. ಆದರೆ ಪಿನ್ನನ್ನು ಕುರುಡಾಗಿ ನಂಬಬಾರದು. ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಲೆಗಾಲ್ ಎಂಬ ಆಟಗಾರರಿದ್ದರು. ಹೆಸರಾಂತ ಫಿಲಿಡೋರ್‌ಗೆ ಗುರು. ಅವರ ಹೆಸರಿನಲ್ಲೇ ಉಳಿದ ಆಟದಲ್ಲಿ ಕುದುರೆ ಸರಿದರೆ ಮಂತ್ರಿ ಹೋಗುವ ಸ್ಥಿತಿ. ಆದರೂ ಅವರು ಕುದುರೆಯನ್ನು ಸರಿಸಿದರು. ಎದುರಾಳಿಯ ಒಂಟೆ ಆಸೆಯಿಂದ ಮಂತ್ರಿಯನ್ನು ಹೊಡೆಯಿತು. ಎರಡೇ ನಡೆಯಲ್ಲಿ ಲೆಗಾಲ್‌ರ ಒಂದು ಒಂಟೆ, ಎರಡು ಕುದುರೆ ಸೇರಿ ರಾಜನನ್ನು ಮುಗಿಸಿದವು. ರಾಜನ ಮುಂದೆ ನಿಂತ ಕಾಯಿ ಮಾತ್ರ ನಿಯಮದ ಪ್ರಕಾರ ಸರಿಯುವಂತಿಲ್ಲ. ಮಂತ್ರಿಯ ಮುಂದಿನದು ಬೇಕೆಂದರೆ ಸರಿದೀತು.

ಪಾಲಕರು ಮಾಡಬಹುದಾದ ಕೆಲಸ ಚಿಕ್ಕದು. ದಿನಕ್ಕೆ ಹತ್ತು ನಿಮಿಷ, ಒಂದೇ ಜಾತಿಯ ನಾಲ್ಕಾರು ಸಮಸ್ಯೆ, ಇಂದು ಬಿಡಿಸಿದ್ದೇ ನಾಳೆ ಮತ್ತೊಮ್ಮೆ. ಆಟದಲ್ಲಿ ಕಾಯಿ ಮುಟ್ಟುವ ಮೊದಲು ಎದುರಾಳಿ ಈಗ ಯಾವ ಚೆಕ್ ಕೊಟ್ಟಾನು, ಯಾವ ಕಾಯಿ ಹೊಡೆದಾನು ಎಂದು ಕೇಳಿಕೊಳ್ಳುವ ಅಭ್ಯಾಸ. ಹೊಸಬರಿಗೆ ಹೆಚ್ಚು ತಪ್ಪುವುದು ಇದೇ.

ಕುದುರೆಯ ಗುರುತು ಹತ್ತಲು ಮೈಸೂರಿನದೇ ಒಂದು ದಾರಿಯುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದಲ್ಲಿ ಮುಳುಗಿದವರು. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿದ್ದರು. ಮಗುವಿಗೆ ಖಾಲಿ ಬೋರ್ಡು, ಒಂದು ಕುದುರೆ, ಒಂದು ಹಿಡಿ ಹುಣಸೆಬೀಜ ಕೊಡಿ. ಮೆಟ್ಟಿದ ಮನೆಗೆ ಒಂದು ಬೀಜ. ಮೊದಲ ದಿನ 64 ತುಂಬುವುದು ಕಷ್ಟವೇ. ಮೂಲೆಯ ಮನೆಯಿಂದ ಕುದುರೆಗೆ ಎರಡೇ ದಾರಿ, ನಡುವಿನ ಮನೆಯಿಂದ ಎಂಟು ಎಂಬುದು ಮಾತ್ರ ಅಂದು ಸಂಜೆಯೊಳಗೆ ಬೆರಳಿಗೆ ಗೊತ್ತಾಗಿರುತ್ತದೆ.